ಮೆಣಸಿನಕಾಯಿ ಸಾಹುಕಾರನ ಮಗಳೂ ಗುಲಾಬಿ ಗುಳಿಗೆಯೂ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದರೆ ನೀವು ಕೋಟೆ, ಆನೆ, ಕುದುರೆ ಎಂದು ಕಣ್ಣು ಮುಚ್ಚಿ ಕನಸು ಕಾಣುತ್ತೀರಿ. ಕಣ್ಣು ಬಿಡಿ, ಈ ಮಠದಂಗಳದಲ್ಲಿ ಕೂತ ತಾಯಂದಿರೇ, ಅಣ್ಣಂದಿರೇ. ಇವನ ಬಳಿ ಇದ್ದದ್ದು ಒಣಮೆಣಸಿನಕಾಯಿ. ಅಂಗಳದ ತುಂಬ ಕೆಂಪು ಗುಡ್ಡಗಳ ಹಾಗೆ ರಾಶಿ. ಗಾಳಿ ಬೀಸಿದರೆ ಊರಿಗೆ ಊರೇ ಸೀನುತ್ತಿತ್ತು, ಸಾಹುಕಾರ ಮಾತ್ರ ಗದ್ದಿಗೆಯ ಮೇಲೆ ಕೂತು ನಗುತ್ತಿದ್ದ.

ನೋಡಿ, ಅವನ ಕಣ್ಣು ಎಂಥದ್ದು! ಚೀಲದ ಬಾಯಿ ಬಿಚ್ಚಿದರೆ ಸಾಕು, ಇದು ಹೊಸ ಕಾಯಿ, ಇದು ಹೋದ ವರ್ಷದ್ದು, ಇದಕ್ಕೆ ನೀರು ಚಿಮುಕಿಸಿ ತೂಕ ಏರಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದ. ರಾಶಿಯಲ್ಲಿ ಒಂದು ಕಾಯಿ ಬಣ್ಣಗೆಟ್ಟರೂ ಅವನಿಗೆ ಕಾಣುತ್ತಿತ್ತು.

ಅವನಿಗೊಬ್ಬಳೇ ಮಗಳು, ಐದು ವರ್ಷದ್ದು. ಈ ಕಥೆಯಲ್ಲಿ ಯಾರಿಗೂ ಹೆಸರಿಲ್ಲ, ಆ ಕೂಸಿಗೆ ಮಾತ್ರ ಇಡುತ್ತೇನೆ. ಯಾಕೆಂದರೆ ಅವಳ ಮನೆಯವರೇ ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದರು. ನೀಲಗಂಗಾ ಅಂತ. ರಾಶಿಗಳ ನಡುವೆ ಓಡಾಡಿಕೊಂಡು, ಹಮಾಲರ ಹೆಗಲೇರಿ, ತನ್ನಷ್ಟಕ್ಕೆ ತಾನೇ ಹಾಡು ಕಟ್ಟಿಕೊಂಡು ಹೇಳುವ ಹುಡುಗಿ. ಆ ಧೂಳಿಗೆ ಅವಳ ಎದೆ ಗುಂಯ್‌ಗುಡತೊಡಗಿತು. ಪೇಟೆಯ ಡಾಕ್ಟರು ನೋಡಿದರು, ದಿನಾ ಜಗಿಯಲಿಕ್ಕೆಂದು ಒಂದು ಗುಲಾಬಿ ಗುಳಿಗೆ ಬರೆದುಕೊಟ್ಟರು. ಉಬ್ಬಸ ನಿಂತಿತು. ಸಾಹುಕಾರನಿಗೆ ಆನಂದ.

ಉಬ್ಬಸದ ಜೊತೆಗೆ ಇನ್ನೊಂದೂ ನಿಂತಿತು, ಹಾಡು. ಅದು ನಿಂತದ್ದು ಯಾರಿಗೆ ಗೊತ್ತಾಯಿತು? ತಾಯಿಗೆ. ಕೂಸು ಸುಮ್ಮಸುಮ್ಮನೆ ಅಳುತ್ತಿತ್ತು, ಕಂಡವರನ್ನು ಕಚ್ಚುತ್ತಿತ್ತು, ನಿದ್ದೆಯಲ್ಲಿ ಚೀರಿ ಏಳುತ್ತಿತ್ತು, ಮೂಲೆಯಲ್ಲಿ ಯಾರೋ ನಿಂತಿದ್ದಾರೆ ಅನ್ನುತ್ತಿತ್ತು. ಶಾಲೆಯಿಂದ ದೂರು ಬಂತು. ಅಂಗಳದವರು ಹಠಮಾರಿ ಅಂದರು, ಅಜ್ಜಿ ಮಾರಿ ಅಂದಳು, ಅದೇ ಹೆಸರು ನಿಂತುಬಿಟ್ಟಿತು.

"ನೋಡ್ರಿ, ಆ ಗುಳಿಗಿ ಶುರು ಮಾಡಿದ ಮ್ಯಾಲೇ ಕೂಸು ಹಿಂಗಾಗೈತಿ" ಎಂದು ತಾಯಿ ಗಂಡನಿಗೆ ಹೇಳಿದಳು.

"ನಿಮ್ಮಪ್ಪ ನಿನಗ ಡಾಕ್ಟರಕಿ ಓದಿಸ್ಯಾನೇನು? ಎದಿಗೆ ಕೊಟ್ಟ ಗುಳಿಗಿ ತಲಿಗೆ ಹೆಂಗ ಏರತೈತಿ?"

"ತವರಿಗೆ ಹೋದಾಗ ಗುಳಿಗಿ ಒಯ್ಯೋದು ಮರತಿದ್ದೆ. ನಾಕು ದಿನ ಹೋಗೂದ್ರಾಗ ಕೂಸು ನಕ್ಕೋತ ಆಡಾಕ ಹತ್ತಿತ್ತು. ಬಂದು ಮತ್ತ ಶುರು ಮಾಡಿದ್ವಿ, ಮತ್ತ ಅದ."

"ಹಂಗಾರ ನಿಮ್ಮ ತವರಿನ ಗಾಳಿ ದೊಡ್ಡ ಔಷಧ ಬಿಡು! ಬಾಟಲಿ ತುಂಬಿಸಿಕೊಂಡು ಬರಬೇಕಿತ್ತು."

ನಗಬೇಡಿ. ನೀವು ನಿಮ್ಮ ಹೆಂಡಿರಿಗೆ ಇದಕ್ಕಿಂತ ಚಂದ ಉತ್ತರ ಕೊಟ್ಟಿದ್ದೀರಾ?

ಮುಂದೆ ಕೇಳಿ. ಅಜ್ಜಿ ಇದು ದೃಷ್ಟಿ ಎಂದಳು. ಮುಸ್ಸಂಜೆ ಕೂಸನ್ನು ಕೂರಿಸಿ, ಹಿಡಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಸುರಿದಳು. ಮೂಸಿ ನೋಡಿದಳು. "ಅಯ್ಯ ಶಿವನ, ಘಾಟ ಬರವಲ್ಲದು! ಎಂಥಾ ಕೆಟ್ಟ ಕಣ್ಣು ಬಿದ್ದೈತಿ ನೋಡು!"

"ಅತ್ತಿ, ಅದು ಬಣ್ಣಕ್ಕ ಹಾಕೋ ಕಾಯಿ, ಖಾರ ಇಲ್ಲದ್ದು. ಅದಕ್ಕ ಘಾಟು ಎಲ್ಲಿಂದ ಬರಬೇಕು?" ಎಂದಳು ಸೊಸೆ.

"ಬಾಯಿ ಮುಚ್ಚು. ಇನ್ನೊಂದು ಹಿಡಿ ತಾ."

ಘಾಟು ಬರಲಿಲ್ಲ, ಹೊಗೆ ಬಂತು. ಹೊಗೆಗೆ ಕೂಸಿನ ಎದೆ ಮತ್ತೆ ಗುಂಯ್‌ಗುಟ್ಟಿತು. ಉಬ್ಬಸ ಬಂತಲ್ಲ ಎಂದು ಅಜ್ಜಿ ಗುಲಾಬಿ ಗುಳಿಗೆ ಇನ್ನೊಂದು ತಿನ್ನಿಸಿದಳು! ತಿಳಿಯಿತೇ? ಗುಳಿಗೆ ತಿಂದು ಕೂಸು ಬೆದರುತ್ತದೆ. ಬೆದರಿದರೆ ದೃಷ್ಟಿ ತೆಗೆಯುತ್ತಾರೆ. ಆ ಹೊಗೆಗೆ ಉಬ್ಬಸ. ಉಬ್ಬಸಕ್ಕೆ ಮತ್ತೆ ಅದೇ ಗುಳಿಗೆ. ಗಾಣದ ಎತ್ತಿಗಾದರೂ ಸಂಜೆ ನೊಗ ಇಳಿಸುತ್ತಾರೆ. ಈ ಕೂಸಿಗೆ ಅದೂ ಇಲ್ಲ. ಸಿಟ್ಟು ಬರುವುದಿಲ್ಲವೇ ನಿಮಗೆ? ಬರಬೇಕು.

ಒಂದು ಮಧ್ಯಾಹ್ನ ಸಾಹುಕಾರ ಚೀಲದೊಳಗೆ ಕೈ ಹಾಕಿ ಕಾಯಿ ನೋಡುತ್ತ ಕೂತಿದ್ದ. ಮಗಳು ಬಂದು ಎದುರಿಗೆ ನಿಂತಳು.

"ಅಪ್ಪಾ, ನಾ ಕೆಟ್ಟಾಕಿ ಏನು?"

"ಯಾರಂದ್ರು?"

"ಎಲ್ಲಾರೂ ಅಂತಾರ. ನನ್ನ ಎಲ್ಲೆರ ಬಿಟ್ಟು ಬಾ. ಅವಾಗ ಅವ್ವ ಅಳೂದಿಲ್ಲ."

ಅವನ ಕೈ ಚೀಲದಲ್ಲೇ ಉಳಿಯಿತು. ಬಣ್ಣಗೆಟ್ಟ ಒಂದು ಕಾಯಿಯನ್ನು ಸಾವಿರದಲ್ಲಿ ಹುಡುಕುವ ಆ ಕಣ್ಣು ಮಗಳ ಮುಖವನ್ನು ಅಂದೇ ಮೊದಲ ಬಾರಿ ನೋಡಿತು. ಕಣ್ಣ ಕೆಳಗೆ ಕಪ್ಪು. ಉಗುರು ಕಚ್ಚಿ ಕಚ್ಚಿ ಹುಣ್ಣಾದ ಬೆರಳು.

"ಮೂಲ್ಯಾಗ ನಿಂದರವರನ್ನ ನಾ ಕರಿಯೂದಿಲ್ಲಪ್ಪಾ. ಅವರ ಬರ್ತಾರ. ಡಾಕ್ಟರಿಗೆ ಹೇಳ್ತಿಯೇನು?"

"ಹೇಳ್ತೀನವಾ. ನಾಳೆನ ಹೇಳ್ತೀನಿ."

"ಎಲ್ಲಾ?"

"ಎಲ್ಲಾ."

ಮಾತು ಕೊಟ್ಟ. ಮರುದಿನ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದ ಕೂಡ. ಆದರೆ ನಮ್ಮ ಆಸ್ಪತ್ರೆಗಳ ಪದ್ಧತಿ ನಿಮಗೆ ಗೊತ್ತಲ್ಲ? ಒಬ್ಬರನ್ನು ನೋಡುವಾಗ ಮುಂದಿನ ಪಾಳಿಯವರು ಒಳಗೇ ಬಂದು ನಿಂತಿರುತ್ತಾರೆ. ಅಂದು ಬೆಂಚಿನ ಮೇಲೆ ಕೂತಿದ್ದವನು ಪೇಟೆಯ ದಲಾಲಿ. ಬೆಳಿಗ್ಗೆ ಕೇಳಿದ್ದನ್ನು ಸಂಜೆಯೊಳಗೆ ಊರಿಗೆ ಹಂಚುವ ಮನುಷ್ಯ.

"ಹೆಂಗದಾಳ್ರಿ ಮಗಳು? ಕೆಮ್ಮು?" ಡಾಕ್ಟರು ತಲೆ ಎತ್ತದೆ ಕೇಳಿದರು.

"ಇಲ್ರಿ."

"ಮತ್ತೇನರ ತ್ರಾಸು?"

ಹೆಂಡತಿ ಮೊಣಕೈಯಿಂದ ತಿವಿದಳು. ಸಾಹುಕಾರ ಬೆಂಚಿನ ಕಡೆ ನೋಡಿದ. ನಾಳೆ ಪೇಟೆಯಲ್ಲಿ ಏನೆಂದಾರು? ಸಾಹುಕಾರನ ಮಗಳಿಗೆ ತಲೆ ಸರಿಯಿಲ್ಲವಂತೆ. ಇನ್ನು ದೊಡ್ಡವಳಾದ ಮೇಲೆ ಅವಳನ್ನು ಯಾರು ಮಾಡಿಕೊಂಡಾರು?

"ಏನಿಲ್ರಿ ಡಾಕ್ಟ್ರ. ಆರಾಮ ಅದಾಳ."

"ಹಂಗಾರ ಅದನ್ನ ಮುಂದುವರಿಸ್ರಿ."

ಮಗಳು ಮನೆ ಮುಟ್ಟುವ ತನಕ ಅಪ್ಪನ ಮುಖವನ್ನೇ ನೋಡುತ್ತ ಬಂದಳು.

ಅದಾದ ಕೆಲವು ದಿನಕ್ಕೆ ಅಂಗಳದಲ್ಲಿ ಲಾರಿಗೆ ಮಾಲು ಏರುತ್ತಿತ್ತು. ಹಮಾಲನೊಬ್ಬ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯಲು ಬಗ್ಗಿದವನು, "ಸಾವ್ಕಾರ್ರ!" ಎಂದು ಕಿರುಚಿದ. ಅರ್ಧ ತುಂಬಿದ ಚೀಲದೊಳಗೆ, ಮೆಣಸಿನಕಾಯಿಯ ಮೇಲೆ, ನೀಲಗಂಗಾ ಮುದುಡಿಕೊಂಡು ಕೂತಿದ್ದಳು. ಕಣ್ಣು ಮೂಗಿನಿಂದ ನೀರು, ಎದೆ ಏರಿಳಿಯುತ್ತಿದೆ. ಸಾಹುಕಾರ ಬಾಚಿ ಎತ್ತಿಕೊಂಡರೆ ಅವನ ಕೈಯಿಂದ ಕೊಸರಿಕೊಂಡಳು.

"ಬಿಡು! ನೀ ಅಂತೂ ಹೇಳಲಿಲ್ಲ. ನನ್ನೂ ಲಾರಿಗೆ ಹಾಕು, ಹೋಗ್ತೀನಿ!"

ಎತ್ತಿಕೊಂಡವನು ಕೆಳಗಿಳಿಸಲಿಲ್ಲ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಹಾಗೇ ಆಸ್ಪತ್ರೆಗೆ ಓಡಿದ, ಹಿಂದೆ ಹೆಂಡತಿ. ಕೂಸಿನ ಉಸಿರಿಗೆ ಹಬೆಯ ಔಷಧ ಹಿಡಿದರು, ಎದೆ ಹಗುರಾಯಿತು. ಡಾಕ್ಟರ ಕೋಣೆಯಲ್ಲಿ ಅಂದೂ ಜನ ಕಿಕ್ಕಿರಿದಿದ್ದರು. ಸಾಹುಕಾರ ಮಗಳನ್ನು ಎದೆಗವಚಿಕೊಂಡು ಆ ಕೋಣೆಯ ಬಾಗಿಲಿಗೆ ಬಂದ.

ಅವನು ಅಲ್ಲೇ ಸ್ವಲ್ಪ ನಿಂತಿರಲಿ. ಈಗ ನಿಮ್ಮನ್ನು ಕೇಳುತ್ತೇನೆ.

ಕೂಸು ಕಚ್ಚಿದರೆ ಬಡಿಯುತ್ತೀರಿ. ಬೆದರಿದರೆ ತಾಯತ ಕಟ್ಟಿಸಲಿಕ್ಕೆ ನಮ್ಮ ಮಠಕ್ಕೆ ಹೊತ್ತು ತರುತ್ತೀರಿ. ತರಬೇಡಿ! ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತೀರಿ, ಮನಸ್ಸು ಕಾದರೆ ಯಾಕೆ ಮುಟ್ಟಿ ನೋಡುವುದಿಲ್ಲ? ಕೆಲವು ಔಷಧಿ ಕೆಲವು ಮಕ್ಕಳ ನಿದ್ದೆ ಕೆಡಿಸಬಹುದು, ಸಿಟ್ಟು, ಅಂಜಿಕೆ, ದುಃಖ ತರಬಹುದು. ಎಲ್ಲ ಮಕ್ಕಳಿಗೂ ಅಲ್ಲ. ನಿಮ್ಮ ಮಗುವಿಗೆ ಆಗದು ಎಂದು ಬರೆದುಕೊಟ್ಟವರು ಯಾರು? ಹೊಸ ಔಷಧಿ ಕೊಟ್ಟಾಗ ಡಾಕ್ಟರನ್ನು ಬಾಯಿಬಿಟ್ಟು ಕೇಳಿ, ಇದರಿಂದ ಕೂಸಿನ ಮನಸ್ಸಿಗೆ ಏನಾದರೂ ಆಗುತ್ತದೆಯೇ ಎಂದು. ಶುರು ಮಾಡಿದ ಮೇಲೆ ಕೂಸಿನ ಆಟ ನೋಡಿ, ಮಾತು ನೋಡಿ, ನಿದ್ದೆ ನೋಡಿ. ಬದಲಾದರೆ ಅಂದೇ ಹೋಗಿ ಹೇಳಿ. ನೀವೇ ಹೆಚ್ಚಿಸಬೇಡಿ, ನೀವೇ ನಿಲ್ಲಿಸಲೂ ಬೇಡಿ. ಉಬ್ಬಸ ಆಟದ ಸಾಮಾನಲ್ಲ. ಕೂಸು ಸಾಯುವ ಮಾತಾಡಿದರೆ, ಮನೆ ಬಿಟ್ಟು ಹೋಗುತ್ತೇನೆಂದರೆ ಆ ಗಳಿಗೆಯೇ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಅಣ್ಣಂದಿರೇ, ನಿಮ್ಮ ಹೆಂಡತಿ "ಕೂಸು ಮೊದಲಿನ ಹಾಗಿಲ್ಲ" ಎಂದರೆ ನಗಬೇಡಿ, ಚಪ್ಪಲಿ ಮೆಟ್ಟಿ ಹೊರಡಿ. ಹಠಮಾರಿ, ಮಾರಿ ಅನ್ನುವ ಮಾತು ಇಂದೇ ನಾಲಗೆಯಿಂದ ಇಳಿಯಲಿ. ಮಾನ ಹೋಗುತ್ತದೆಯೇ? ಕೂಸನ್ನು ಚೀಲಕ್ಕಿಳಿಸುವ ಮಾನ ಹೋದರೆ ಹೋಗಲಿ!

ಸಾಹುಕಾರ ಒಳಗೆ ಬಂದ.

"ಡಾಕ್ಟ್ರ, ಹಿಂದಿನ ಸರ್ತಿ ನಾ ಸುಳ್ಳು ಹೇಳಿದ್ದೆ. ಮಗಳು ಆರಾಮ ಇಲ್ಲ."

ಹಿಂದೆ ಗುಸುಗುಸು ಎದ್ದಿತು. ಅವನು ತಿರುಗಲಿಲ್ಲ. ಕಚ್ಚಿದ್ದು, ಚೀರಿದ್ದು, ಮೂಲೆಯಲ್ಲಿ ನಿಂತವರು, ಹೆಂಡತಿ ಹೇಳಿದ್ದು, ತಾನು ನಕ್ಕದ್ದು, ಹೊಗೆ, ಹೆಚ್ಚಿಗೆ ಕೊಟ್ಟ ಗುಳಿಗೆ, ಕೊನೆಗೆ ಚೀಲ, ಒಂದೊಂದಾಗಿ ಬಿಚ್ಚಿಟ್ಟ. ಡಾಕ್ಟರು ಈಗ ತಲೆ ಎತ್ತಿದ್ದರು.

"ಈ ಗುಳಿಗಿ ಇವತ್ತಿಂದ ಬ್ಯಾಡ. ಎದಿಗೆ ಬ್ಯಾರೆ ಔಷಧ ಕೊಡ್ತೀನಿ, ಎರಡು ದಿನ ಕೂಸು ಇಲ್ಲೇ ನನ್ನ ಕಣ್ಣ ಮುಂದ ಇರಲಿ. ಹಿಂಗಾಗಬಹುದು ಅಂತ ಮೊದಲ ನಾ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು." ಕೂಸಿನ ಕಡೆ ಬಗ್ಗಿದರು. "ನೀ ಕೆಟ್ಟಾಕಿ ಅಲ್ಲವಾ. ಗುಳಿಗಿ ನಿನಗ ಒಗ್ಗಲಿಲ್ಲ, ಅಷ್ಟ."

ನೀಲಗಂಗಾ ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಎಲ್ಲಾ ಹೇಳಿದೇನು?"

"ಎಲ್ಲಾ ಹೇಳಿದೆ ನನ್ನವ್ವಾ."