ಕ್ಷೌರಿಕ ಇಲಾರಿಯೆಯ ಮೂರು ಕಡತಗಳು

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರಾದ ಬಾರ್ಬಾಲಾಟ ಅವರೇ, ಯಾಶ್ ನಗರದಿಂದ ಗುಂಡಿ ರಸ್ತೆಯಲ್ಲಿ ಕುಲುಕುತ್ತ ಬಂದಿರುವ ವಿಮಾ ಕಚೇರಿಯ ಅತಿಥಿಗಳೇ, ವೈದ್ಯರೇ, ದಾದಿಯರೇ, ಪಕ್ಕದ ಕೋಣೆಯಿಂದ ಎಲೆಕೋಸಿನ ಸುರುಳಿಯ ಘಮ ಬರುತ್ತಿದ್ದರೂ ಕದಲದೆ ಕುಳಿತಿರುವ ಸಹನಶೀಲ ಸಭಿಕರೇ,

ನನ್ನ ನಿವೃತ್ತಿಯ ಬೀಳ್ಕೊಡುಗೆಯೆಂದು ನಿರ್ದೇಶಕರು ಈಗಷ್ಟೇ ನನ್ನನ್ನು ಬಾಯ್ತುಂಬ ಹೊಗಳಿದರು. ಝೆನೋವಿಯಾ ಅಮ್ಮ ಮೂವತ್ತೊಂದು ವರ್ಷ ಸಂಕೇತ ವಿಭಾಗದಲ್ಲಿ ಕುಳಿತು, ವೈದ್ಯರು ಬರೆದ ಪ್ರತಿಯೊಂದು ರೋಗಕ್ಕೂ ಅದರ ಸಂಖ್ಯೆ ಹಾಕಿದ್ದಾರೆ, ಒಂದೇ ಒಂದು ತಪ್ಪಿಲ್ಲ ಎಂದರು. ತಪ್ಪಿಲ್ಲ, ನಿಜ. ಹೇಗೆ ಇಲ್ಲ ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಿಬಿಡುತ್ತೇನೆ.

ನಮ್ಮ ಕೋಣೆಗೆ ಒಂದೇ ನಿಯಮ: ವೈದ್ಯರು ಬರೆಯದ್ದು ಲೋಕದಲ್ಲಿ ಇಲ್ಲ. ಅವರು ಕುತ್ತಿಗೆ ನೋವು ಎಂದರೆ ಎಂ ಐವತ್ನಾಲ್ಕು ಬಿಂದು ಎರಡು. ಕುತ್ತಿಗೆಯ ಮೂಳೆಗಳ ನಡುವಿನ ಬಿಲ್ಲೆ ಜಾರಿ ಬೆನ್ನುಹುರಿಯನ್ನು ಹಿಸುಕುತ್ತಿದೆ ಎಂದರೆ ಎಂ ಐವತ್ತು ಬಿಂದು ಸೊನ್ನೆ. ಮೊದಲನೆಯದಕ್ಕೆ ಶಾಖ, ಮುಲಾಮು, ಮನೆ. ಎರಡನೆಯದಕ್ಕೆ ಶಸ್ತ್ರಚಿಕಿತ್ಸೆ, ಅದೂ ತಡಮಾಡದೆ. ನೋಡಿ, ನಮ್ಮಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಕೇಡು ದೊಡ್ಡದು.

ಮೂರನೆಯ ಸಾಲಿನಲ್ಲಿ ಇಲಾರಿಯೆ ಕುಳಿತಿದ್ದಾನೆ. ಎಲ್ಲರೂ ಒಟ್ಟಿಗೆ ತಿರುಗಬೇಡಿ, ಅವನಿಗೆ ನಾಚಿಕೆ. ಬಸ್ ನಿಲ್ದಾಣದೆದುರಿನ ಕ್ಷೌರದಂಗಡಿ ಅವನದಾಗಿತ್ತು. ಈ ಸಭೆಯ ಅರ್ಧ ಗಡ್ಡಗಳು ಅವನ ಕತ್ತಿಗೆ ಪರಿಚಯ.

ಒಂದು ವರ್ಷ ಮಾರ್ಚಿನಲ್ಲಿ ಅವನ ಮೊದಲ ಕಡತ ನನ್ನ ಮೇಜಿಗೆ ಬಂತು. ಡಾಕ್ಟರ್ ಮುರ್ಗೋಚ್ 'ಕುತ್ತಿಗೆ ನೋವು' ಎಂದು ಬರೆದಿದ್ದರು. ಕೆಳಗೆ ದಾದಿ ಪ್ರೋಫಿರಾಳ ಟಿಪ್ಪಣಿ: 'ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ನೆಲ ಹತ್ತಿಯಂತೆ ಅನಿಸುತ್ತದೆ ಎನ್ನುತ್ತಾರೆ.'

ಹತ್ತಿ ಎಂಬ ಪದದ ಬಳಿ ನನ್ನ ಲೇಖನಿ ನಿಂತಿತು. ನನ್ನ ತಾಯಿಯೂ ಹಾಗೇ ಅನ್ನುತ್ತಿದ್ದಳು. "ನೆಲ ಹತ್ತಿ ಥರ ಆಗಿದೆ ಕಣೇ, ಎಲ್ಲಿ ಕಾಲಿಡ್ತಿದೀನೋ ಗೊತ್ತಾಗ್ತಿಲ್ಲ." ವಯಸ್ಸಾಯಿತು ಎಂದೆವು. ಅವಳಿಗೆ ಐವತ್ತೆಂಟು. ಕಡೆಯ ನಾಲ್ಕು ವರ್ಷ ಹಾಸಿಗೆಯಿಂದ ಏಳಲಿಲ್ಲ. ಕ್ಷಮಿಸಿ, ಇದು ಈ ಸಭೆಯ ವಿಷಯವಲ್ಲ. ಅಂದು ಲೆಕ್ಕತಪಾಸಣೆ ಬೇರೆ ಇತ್ತು. ಐವತ್ನಾಲ್ಕು ಬಿಂದು ಎರಡು ಹಾಕಿದೆ. ತಪ್ಪಿಲ್ಲ.

ಜುಲೈಯಲ್ಲಿ ಎರಡನೆಯ ಕಡತ. ದಾದಿ ಬರೆದಿದ್ದಳು: 'ತಲೆ ಬಗ್ಗಿಸಿದರೆ ಕಾಲಿನವರೆಗೆ ಕರೆಂಟು ಹೊಡೆದಂತೆ. ಎರಡು ಸಲ ಬಿದ್ದಿದ್ದಾರೆ.' ವೈದ್ಯರು ಬರೆದಿದ್ದರು: ಕುತ್ತಿಗೆ ನೋವು. ನಾನು ಏನು ಹಾಕಿದೆ? ಅದೇ. ಆಗಲೂ ತಪ್ಪಿಲ್ಲ.

ನವೆಂಬರಿನಲ್ಲಿ ಡಾಕ್ಟರ್ ಮುರ್ಗೋಚ್ ಕಿವಿಗೆ ಪಟ್ಟಿ ಹಾಕಿಕೊಂಡು ಬಂದರು. "ಆ ಇಲಾರಿಯೆಗೆ ಕುಡಿತ ಜಾಸ್ತಿ ಆಗಿದೆ ಕಣ್ರೀ. ನನ್ನ ಕಿವೀನೇ ಕುಯ್ದುಬಿಟ್ಟ!" ಊರೂ ಹಾಗೇ ಅಂದುಕೊಂಡಿತು. ತೂರಾಡುತ್ತ ನಡೆಯುವವನನ್ನು ಕಂಡರೆ ಊರಿಗೆ ಪ್ಲಮ್ ಸಾರಾಯಿ ನೆನಪಾಗುತ್ತದೆ, ಬೆನ್ನುಹುರಿಯಲ್ಲ. ಗಿರಾಕಿಗಳು ಬಿಟ್ಟರು. ಹೆಂಡತಿ ಕೂಡ ಬಾಟಲಿ ಹುಡುಕಲು ಶುರುಮಾಡಿದಳು. ಅದೇ ವಾರ ಮೂರನೆಯ ಕಡತ ಬಂತು. ಕುತ್ತಿಗೆ ನೋವು.

ಆ ದಿನ ನಾನು ಕಡತ ಹಿಡಿದು ಮೆಟ್ಟಿಲು ಹತ್ತಿದೆ. "ಡಾಕ್ಟರೇ, ಇದು ಬರೀ ನೋವೇನಾ?"

"ಅಮ್ಮಾ, ನೀವು ನಂಬರ್ ನೋಡ್ಕೊಳ್ಳಿ, ರೋಗಿನ ನಾನು ನೋಡ್ಕೋತೀನಿ."

"ನೋಡಿ ಮತ್ತೆ. ಮಂಡಿಗೆ ಸುತ್ತಿಗೆ ತಟ್ಟಿ ನೋಡಿದ್ದು ಮೂರೂ ಸಲ ಬರೆದಿಲ್ಲ. ಇದೇ ರೋಗಕ್ಕೆ ಮೂರನೇ ದಾಖಲಾತಿ. ವಿಮೆಯವರು ವಾಪಸ್ ಕಳಿಸ್ತಾರೆ, ತಪ್ಪು ಮಾಡಿದ ಡಾಕ್ಟರುಗಳ ಪಟ್ಟೀಲಿ ನಿಮ್ಮ ಹೆಸರು ಬರುತ್ತೆ."

ಸಭಿಕರೇ, ಅಂಥ ನಿಯಮ ಯಾವುದೂ ಇರಲಿಲ್ಲ. ವಿಮಾ ಕಚೇರಿಯ ಅತಿಥಿಗಳು ದಯಮಾಡಿ ಬರೆದುಕೊಳ್ಳಬೇಡಿ. ಆದರೆ ಲಕ್ವಕ್ಕೆ ಹೆದರದ ಡಾಕ್ಟರು ಪಟ್ಟಿಗೆ ಹೆದರಿದರು. ಗೊಣಗುತ್ತ ಹೋಗಿ ಮಂಡಿಗೆ ತಟ್ಟಿದರು. ಇಲಾರಿಯೆಯ ಕಾಲು ಎಗರಿ ಅವರ ಕನ್ನಡಕ ಹಾರಿಸಿತು. ಬೆನ್ನುಹುರಿ ಹಿಸುಕಿದ್ದರೆ ಕಾಲು ಹಾಗೆ ಎಗರುತ್ತದೆ. ಹತ್ತು ನಿಮಿಷದಲ್ಲಿ ಕೆಳಗಿಳಿದು ಬಂದರು. "ಇವತ್ತೇ ಯಾಶ್‌ಗೆ ಕಳಿಸ್ಬೇಕು," ಎಂದಷ್ಟೇ ಹೇಳಿ, ಹಳೆಯ ಪದ ಹೊಡೆದುಹಾಕಿ ಹೊಸದು ಬರೆದರು. ನಾನು ಐವತ್ತು ಬಿಂದು ಸೊನ್ನೆ ಹಾಕಿದೆ.

ಶಸ್ತ್ರಚಿಕಿತ್ಸೆ ಆಯಿತು. ಇಲಾರಿಯೆ ಇಂದು ಕೋಲು ಹಿಡಿದು, ತನ್ನ ಕಾಲ ಮೇಲೇ ಈ ಸಭೆಗೆ ನಡೆದು ಬಂದಿದ್ದಾನೆ. ಬೆರಳುಗಳು ಮಾತ್ರ ಪೂರ್ತಿ ಮರಳಲಿಲ್ಲ. ಹಿಸುಕಿಹೋದ ಬೆನ್ನುಹುರಿ ಕಳೆದ ತಿಂಗಳುಗಳನ್ನು ವಾಪಸು ಕೊಡುವುದಿಲ್ಲವಂತೆ. ಅಂಗಡಿಯಲ್ಲಿ ಈಗ ಬೇರೆಯವರು ಫೋನು ರಿಪೇರಿ ಮಾಡುತ್ತಾರೆ.

ಆ ಚಳಿಗಾಲ ಅವನು ಹುಳಿ ಚೆರ್ರಿಯ ಮುರಬ್ಬದ ಜಾಡಿಯೊಂದನ್ನು ಎರಡೂ ಕೈಯಲ್ಲಿ ಅವಚಿಕೊಂಡು ನನ್ನ ಕಿಟಕಿಗೆ ಬಂದ. "ಝೆನೋವಿಯಾ ಅಕ್ಕಾ, ನೀವಿಲ್ದಿದ್ರೆ ನಾನು ಹಾಸಿಗೆ ಹಿಡಿದ್ಬಿಡ್ತಿದ್ದೆ," ಎಂದ. ಆಮೇಲೆ, ಬೇರೇನೂ ಯೋಚನೆಯಿಲ್ಲದೆ ಕೇಳಿದ: "ಮೊದಲ ಎರಡು ಕಡತಾನೂ ನಿಮ್ಮ ಕೈಗೇ ಬಂದಿತ್ತಲ್ವಾ? ಆಗ ಏನೂ ಅನುಮಾನ ಬರ್ಲಿಲ್ವಾ?"

"ಇಲ್ಲಪ್ಪ," ಎಂದೆ.

ಜಾಡಿ ತೆಗೆದುಕೊಂಡೆ. ಮುರಬ್ಬ ತಿಂದೆ. ಚೆನ್ನಾಗಿತ್ತು.

ಇಲಾರಿಯೆ, ನನಗೆ ಮಾರ್ಚಿನಲ್ಲೇ ಗೊತ್ತಿತ್ತು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಊಟ ಆರುತ್ತಿದೆ. ನಮಸ್ಕಾರ.