ಶನಿವಾರ ಸಂಜೆ ಆರಿದ ಚುಕ್ಕೆ

ನಾನು, ಹಿಲ್ಟಿಯಾ ಕ್ರಾಮರ್, ಕೋಂ ದಿವಂಗತ ಯಾನ್ ಕ್ರಾಮರ್, ವಯಸ್ಸು 53 ವರ್ಷ, ಉದ್ಯೋಗ: ಮೀನು ಸೀಳುವ ಶೆಡ್ಡಿನಲ್ಲಿ ಕೆಲಸ, ವಾಸ: ಹಳೇ ಬಂದರು ಬೀದಿ, ವೆಸ್ಟರ್‌ಡೈಕ್, ನೆದರ್‌ಲ್ಯಾಂಡ್ಸ್, ಈ ದಿನ ಬೆಳಿಗ್ಗೆ ಬಂದರು ಪೊಲೀಸ್ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ ರೀಕೆಲ್ಟ್, 24 ವರ್ಷ, ಸಮುದ್ರದಲ್ಲಿದ್ದಾನೆ. ಅವನನ್ನು ಹುಡುಕುತ್ತಿರುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ನನ್ನ ಮಗನಿದ್ದ ಬೋಟು ಕೊನೆಗೆ ಕಂಡ ಜಾಗದಿಂದ 38 ಕಡಲ ಮೈಲಿ ವಾಯವ್ಯಕ್ಕೆ, ನಮ್ಮೂರವರು ಕುರುಡಗುಂಡಿ ಎನ್ನುವ ಕಡೆ ಹುಡುಕಬೇಕು. ಇದನ್ನು ಹೇಳಲೆಂದೇ ಬಂದೆ. ಅಧಿಕಾರಿ ಡೆಕ್ಕರ್ ಅವರು ಹೆಸರೇನು, ವಯಸ್ಸೆಷ್ಟು ಎಂದು ಶುರು ಮಾಡಿದಾಗ, ಮೊದಲು ಫೋನು ಮಾಡಿ, ನನ್ನ ವಯಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆ. ಅವರು 7.50ಕ್ಕೆ ಕರಾವಳಿ ಕಾವಲು ಪಡೆಗೆ ಫೋನು ಮಾಡಿ ಜಾಗ ತಿಳಿಸಿದರು. ವಿಮಾನ ಕಳಿಸುತ್ತೇವೆ ಎಂದು ಉತ್ತರ ಬಂತು. ಆಮೇಲೆಯೇ ನಾನು ಕುರ್ಚಿಯಲ್ಲಿ ಕೂತೆ. ನಿಮಗೆ ಇದು ಹೇಗೆ ಗೊತ್ತು, ಮೊದಲಿನಿಂದ ಕ್ರಮವಾಗಿ ಹೇಳಿ ಎಂದು ಅಧಿಕಾರಿ ಕೇಳಿದ್ದರಿಂದ ಹೇಳುತ್ತಿದ್ದೇನೆ.

ಬೋಟಿನ ಹೆಸರು ಯೊಹಾನ್ನಾ. ಅದು ನಮ್ಮ ತಾಯಿಯ ಹೆಸರು. ನಡೆಸುವವನು ನನ್ನ ತಮ್ಮ ಲುಬರ್ಟ್. ಬೋಟಿನಲ್ಲಿ ಇದ್ದವರು ಮೂವರು: ತಮ್ಮ, ನನ್ನ ಮಗ, ಅಡುಗೆಯನ್ನೂ ಬಲೆಯನ್ನೂ ನೋಡಿಕೊಳ್ಳುವ ಟೀಮನ್. ನಮ್ಮೂರಿನ ಬೋಟುಗಳು ಸೋಮವಾರ ಹೋಗಿ ಶುಕ್ರವಾರ ಬರುತ್ತವೆ, ತಡವಾದರೆ ಶನಿವಾರ. ಭಾನುವಾರ ಯಾವ ಬೋಟೂ ಸಮುದ್ರದಲ್ಲಿರುವಂತಿಲ್ಲ. ಊರು ತಲುಪಲಾಗದಿದ್ದರೆ ಸಿಕ್ಕಿದ ಬಂದರಿನಲ್ಲಿ ಕಟ್ಟಿ, ಬೈಬಲ್ ಓದಿಕೊಂಡು ಕೂರಬೇಕು. ಇದು ಸರ್ಕಾರದ ಕಾನೂನಲ್ಲ. ಆದರೆ ಇದನ್ನು ಮೀರಿದವನ ಪಕ್ಕ ಚರ್ಚಿನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ, ಅವನ ಮಗಳನ್ನು ಯಾರೂ ಮದುವೆಯಾಗುವುದಿಲ್ಲ.

ಪ್ರತಿ ಬೋಟಿನಲ್ಲೂ ತಾನೆಲ್ಲಿದ್ದೇನೆಂದು ಸಾರುವ ಯಂತ್ರ ಇರುತ್ತದೆ. ಫೋನಿನಲ್ಲಿ ನೋಡಿದರೆ ಬೋಟು ಚುಕ್ಕೆಯಾಗಿ ಕಾಣುತ್ತದೆ. ಊರಿನ ಹೆಂಗಸರೆಲ್ಲ ಆಲೂಗಡ್ಡೆ ಸುಲಿಯುತ್ತ ಚುಕ್ಕೆ ನೋಡುತ್ತೇವೆ. ನಮ್ಮವರ ಚುಕ್ಕೆಯನ್ನು ಮಾತ್ರವಲ್ಲ, ಪಕ್ಕದ ಮನೆಯವರದ್ದನ್ನೂ ನೋಡುತ್ತೇವೆ. ಹಾಗಾಗಿ ಕೆಲವರು ಶನಿವಾರ ಸಂಜೆ ಆ ಯಂತ್ರವನ್ನು ಆರಿಸಿ ಭಾನುವಾರವೂ ಬಲೆ ಬಿಡುತ್ತಾರೆ. ಚುಕ್ಕೆ ಮಾಯವಾದರೆ, ಪಾಪ, ಯಾವುದೋ ಬಂದರು ಸೇರಿಕೊಂಡರು ಎಂದು ಊರು ಹೇಳುತ್ತದೆ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ದಿನಾಂಕ 09-03-2019 ಶನಿವಾರ ಸಂಜೆ 4.30ಕ್ಕೆ ಮಗ ಬೋಟಿನ ಫೋನಿನಿಂದ ಮಾತಾಡಿದನು. ಗುರುವಾರ ಬಲೆ ಎಳೆಯುವ ವಿಂಚು ಕೆಟ್ಟು ಒಂದೂವರೆ ದಿನ ಹಾಳಾಯಿತೆಂದು ತಿಳಿಸಿದನು. "ಮಾವನ ತಲೆ ಕೆಟ್ಟಿದೆ ಕಣಮ್ಮ. ಅರ್ಧ ಪೆಟ್ಟಿಗೆನೂ ತುಂಬಿಲ್ಲ. ಈಗ ಕುರುಡಗುಂಡಿ ಕಡೆ ಹೊರಟಿದ್ದೀವಿ" ಎಂದನು. ನಾಳೆ ಭಾನುವಾರ ಅಲ್ಲವೇನೋ ಎಂದು ನಾನು ಕೇಳಿದೆ. "ಚುಕ್ಕೆ ನೋಡೋದು ದೇವರಲ್ಲಮ್ಮ, ಚರ್ಚಿನ ಬಾಕರ್ ಅಜ್ಜ" ಎಂದು ನಕ್ಕನು. ಬಾಯಿ ಮುಚ್ಚೋ ಕತ್ತೆ ಎಂದು ಬೈದೆ. ಉಣ್ಣೆ ಬನಿಯನ್ ಹಾಕಿಕೊಂಡಿದ್ದೀಯಾ ಎಂದು ಕೇಳಿದ್ದಕ್ಕೆ ಹಾಕಿಕೊಂಡಿದ್ದೇನೆ ಎಂದನು. ಅದು ನಮ್ಮ ಮನೆಯ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿತ್ತು.

ಸಂಜೆ 6.52ಕ್ಕೆ ಚುಕ್ಕೆ ಆರಿತು. ಐದು ನಿಮಿಷದಲ್ಲಿ ನನ್ನ ತಮ್ಮನ ಹೆಂಡತಿ ಫೆಮ್ಮಾ ಫೋನು ಮಾಡಿದಳು. "ಅತ್ತಿಗೆ, ಬಂದರು ಸೇರಿದ್ರು ಅನ್ಸುತ್ತೆ" ಎಂದಳು. "ಹೂಂ ಕಣೆ, ಹಾಗೇ ಅನ್ಸುತ್ತೆ" ಎಂದೆ. ನಿಜ ಏನೆಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ನಮ್ಮೂರಿನಲ್ಲಿ ಫೋನನ್ನು ಡ್ರಾಯರಿನಲ್ಲಿಟ್ಟು ಮುಚ್ಚುತ್ತೇವೆ. ನಾನೂ ಇಟ್ಟೆ. ಎರಡು ಹೊತ್ತೂ ಚರ್ಚಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗಿ ಕಿಟಕಿಯ ಗಾಜು ನಡುಗುತ್ತಿತ್ತು. ಪಾದ್ರಿಗಳು ಏನು ಹೇಳಿದರೆಂದು ಒಂದು ಮಾತೂ ನೆನಪಿಲ್ಲ. ಮುಂದಿನ ಬೆಂಚಿನ ಹೆಂಗಸು ತಿರುಗಿ, ಕಾಲು ಅಲ್ಲಾಡಿಸಬೇಡಿ ಎಂದು ಎರಡು ಸಲ ಹೇಳಿದಳು.

ಸೋಮವಾರ ಬೆಳಿಗ್ಗೆ 6 ಗಂಟೆಗೆ ಬೇರೆಯವರ ಚುಕ್ಕೆಗಳೆಲ್ಲ ಬಂದಿದ್ದವು, ಯೊಹಾನ್ನಾ ಬಂದಿರಲಿಲ್ಲ. 10.15ಕ್ಕೆ ಫೆಮ್ಮಾ ಕಾವಲು ಪಡೆಗೆ ತಿಳಿಸಿದಳು. ಕೊನೆಗೆ ಎಲ್ಲಿ ಕಂಡಿತು ಎಂದು ಅವರು ಕೇಳಿದಾಗ ಶನಿವಾರದ ಜಾಗವನ್ನು ಹೇಳಿದಳು. ಅಲ್ಲಿಂದ ಹತ್ತಿರದ ಬಂದರಿಗೆ ಹೋಗುತ್ತಿದ್ದರು ಎಂದೂ ಹೇಳಿದಳು. ಹಾಗಾಗಿ ಹೆಲಿಕಾಪ್ಟರು ಆ ಜಾಗದಿಂದ ದಡದ ಕಡೆಗೆ ಹುಡುಕಿತು. ಸಂಜೆಯಾದರೂ ಏನೂ ಸಿಗದಿದ್ದಾಗ ನಾನು ಅವಳ ಮನೆಗೆ ಹೋಗಿ, ಕುರುಡಗುಂಡಿ ವಿಷಯ ಹೇಳೇ ಎಂದೆ. "ಅವರು ವಾಪಸ್ ಬಂದ್ಮೇಲೆ ಈ ಊರಲ್ಲಿ ಬಾಳೋದು ಬೇಡ್ವಾ ಅತ್ತಿಗೆ?" ಎಂದು ಅತ್ತಳು. ಹಾಗಾದರೆ ನಾನೇ ಹೇಳುತ್ತೇನೆ ಎಂದು ಬಾಗಿಲನ್ನು ಧಡಾರನೆ ಎಳೆದುಕೊಂಡು ಬಂದೆ.

ಅದೇ ದಿನ ಸಂಜೆ 7 ಗಂಟೆಗೆ ನಮ್ಮ ಚರ್ಚಿನ ಹಿರಿಯ ಮೆಯ್ನರ್ಟ್ ಬಾಕರ್, ಸುಮಾರು 70 ವರ್ಷ, ನಮ್ಮ ಮನೆಗೆ ಬಂದರು. ಫೆಮ್ಮಾ ಹೇಳಿ ಕಳಿಸಿದ್ದಳೆಂದು ಕಾಣುತ್ತದೆ. ಕಾಫಿ ಕೊಟ್ಟೆ. ಅವರು ಕೆಟ್ಟವರಲ್ಲ. ಅವರ ಹಿರೀ ಮಗನೂ ಸಮುದ್ರದಲ್ಲೇ ಹೋದವನು. ನನ್ನ ಕೈ ಹಿಡಿದುಕೊಂಡು, "ಒಂದು ರಾತ್ರಿ ತಾಳಮ್ಮ ಹಿಲ್ಟಿಯಾ. ರೇಡಿಯೋ ಕೆಟ್ಟಿರಬಹುದು. ಬೆಳಿಗ್ಗೆ ತಾವೇ ಬಂದು ನಿಂತರೆ? ಹುಡುಗ ಭಾನುವಾರ ಮುರಿದ ಅಂತ ಒಂದ್ಸಲ ಹೊರಗೆ ಬಿತ್ತು ಅಂದ್ರೆ ಮುಗೀತು, ಆಮೇಲೆ ಯಾರಿಂದಲೂ ಅಳಿಸೋಕಾಗಲ್ಲ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಬೆಳಗಿನವರೆಗೆ ತಾಳುತ್ತೇನೆ, ಆಗಲಿ ಎಂದೆ. ಅವರು ಹೋದಾಗ 7.40.

ಆ ರಾತ್ರಿ ನಾನು ಮಲಗಲಿಲ್ಲ. ಆ ಬನಿಯನ್ನನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಬೆಳಿಗ್ಗೆ ಚುಕ್ಕೆ ಬರಲಿಲ್ಲ. 7.30ಕ್ಕೆ ಮನೆ ಬಿಟ್ಟು ಇಲ್ಲಿಗೆ ನಡೆದು ಬಂದೆ. ದಾರಿಯಲ್ಲಿ ಬಾಕರ್ ಅವರ ಮನೆ ಸಿಕ್ಕಿತು. ಕಿಟಕಿಯಲ್ಲಿ ಅವರು ನಿಂತಿದ್ದರು. ನಾನು ತಲೆ ತಗ್ಗಿಸಲಿಲ್ಲ.

ಇಷ್ಟನ್ನು ಅಧಿಕಾರಿ ಬರೆದುಕೊಳ್ಳುವಷ್ಟರಲ್ಲಿ 9.40 ಆಗಿದೆ. ವಿಮಾನದಿಂದ ಸುದ್ದಿ ಇಲ್ಲ. ನಾನು ಕಿಟಕಿಗೂ ಕುರ್ಚಿಗೂ ಓಡಾಡುತ್ತಿದ್ದುದರಿಂದ ಅಧಿಕಾರಿಗಳು, "ಕೂತ್ಕೊಳ್ಳಿ ಅಮ್ಮ, ನಿಮ್ಮ ಕಾಫಿ ಆರಿಹೋಯ್ತು" ಎಂದರು. "ಕೂತೂ ಕೂತೂ ತಾನೇ ಇಲ್ಲಿಗೆ ಬಂದು ಮುಟ್ಟಿರೋದು" ಎಂದು ರೇಗಿದೆ. ಅವರದೇನೂ ತಪ್ಪಿರಲಿಲ್ಲ. ಎರಡು ಸಲ ಅವರಿಂದ ಕಾವಲು ಪಡೆಗೆ ಫೋನು ಮಾಡಿಸಿದೆ. ಮೂರನೆಯ ಸಲ ಆ ಕಡೆಯವರು, ಲೈನು ಖಾಲಿ ಬಿಡಿ ಎಂದರು.

10.35ಕ್ಕೆ ಫೋನು ಬಂತು. ಕುರುಡಗುಂಡಿಯಿಂದ 6 ಮೈಲಿ ಪೂರ್ವಕ್ಕೆ ಗಾಳಿ ತುಂಬಿದ ರಕ್ಷಣಾ ದೋಣಿ ಕಂಡಿದೆ, ಇಬ್ಬರು ಕೈ ಬೀಸುತ್ತಿದ್ದಾರೆ ಎಂದರು. ಯಾವ ಇಬ್ಬರು ಎಂದು ಕೇಳಿದೆ. ಮೇಲಿನಿಂದ ತಿಳಿಯುವುದಿಲ್ಲ, ಹೆಲಿಕಾಪ್ಟರು ಹೋಗಬೇಕು ಎಂದರು. 10.41ಕ್ಕೆ ಫೆಮ್ಮಾ ನನ್ನ ಫೋನಿಗೆ ಕರೆದಳು. "ಇಬ್ಬರಂತೆ ಅತ್ತಿಗೆ" ಎಂದಳು. "ಹೂಂ" ಎಂದೆ. ಇಬ್ಬರೂ ಫೋನು ಇಡಲಿಲ್ಲ. ಆಗ ನಾನು ಬಯಸಿದ್ದನ್ನು ಮುಚ್ಚಿಡುವುದಿಲ್ಲ: ಇಲ್ಲದವನು ನನ್ನ ತಮ್ಮನಾಗಿರಲಿ ಎಂದು ಬಯಸಿದೆ. ನಾನೇ ಎತ್ತಿ ಆಡಿಸಿದ ತಮ್ಮ. ಫೆಮ್ಮಾ ಅದೇ ಹೊತ್ತಿನಲ್ಲಿ, ಇಲ್ಲದವನು ನನ್ನ ಮಗನಾಗಿರಲಿ ಎಂದು ಬಯಸಿದ್ದರೆ ಅವಳ ಮೇಲೆ ನನಗೆ ಸಿಟ್ಟಿಲ್ಲ.

11.20ಕ್ಕೆ ಅಧಿಕಾರಿ ಡೆಕ್ಕರ್ ಪಕ್ಕದ ಕೋಣೆಗೆ ಹೋಗಿ ಫೋನು ತೆಗೆದುಕೊಂಡರು. ಬಾಗಿಲು ಹಾಕಿಕೊಂಡಾಗಲೇ ನನಗೆ ತಿಳಿಯಿತು. ಲುಬರ್ಟ್ ಮತ್ತು ಟೀಮನ್ ಬದುಕಿದ್ದಾರೆ. ರೀಕೆಲ್ಟ್ ಅದೇ ದೋಣಿಯಲ್ಲಿ ಅವರಿಬ್ಬರ ನಡುವೆ ಇದ್ದನು, ಜೀವ ಇರಲಿಲ್ಲ. ಲುಬರ್ಟ್ ಹೇಳಿರುವ ಪ್ರಕಾರ, ಭಾನುವಾರ ನಸುಕಿನಲ್ಲಿ ಬಲೆ ತಳದ ಯಾವುದಕ್ಕೋ ಸಿಕ್ಕಿ ಬೋಟು ಮಗುಚಿತು. ಮುಳುಗಿದಾಗ ತಾನೇ ತೇಲಿಬಂದು ಸುದ್ದಿ ಕಳಿಸಬೇಕಾದ ಯಂತ್ರ ಬಲೆಯಡಿ ಸಿಕ್ಕಿಕೊಂಡಿತು. ರಕ್ಷಣಾ ದೋಣಿಯ ಹಗ್ಗ ಬಿಡಿಸಲು ನನ್ನ ಮಗ ನೀರಿಗಿಳಿದನು. ಅವನಿಂದಲೇ ಮೂವರೂ ದೋಣಿ ಹತ್ತಿದರು. ಸೋಮವಾರ ಕತ್ತಲಾದ ಮೇಲೂ ಅವನು ಮಾತಾಡುತ್ತಿದ್ದನು, ಟೀಮನ್ ಮಾಡುವ ಬಟಾಣಿ ಸಾರನ್ನು ಆಡಿಕೊಂಡು ನಗಿಸುತ್ತಿದ್ದನು. ಈ ದಿನ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸುಮ್ಮನಾದನು.

ನಾನು ಲೆಕ್ಕ ಹಾಕಿದೆ. ಅಧಿಕಾರಿಗಳೂ ಹಾಕಿದರೆಂದು ಅವರ ಮುಖ ನೋಡಿ ತಿಳಿಯಿತು. ಈ ದಿನ 7.50ಕ್ಕೆ ಜಾಗ ಹೇಳಿದೆ, 10.35ಕ್ಕೆ ಸಿಕ್ಕರು. ಮೂರು ಗಂಟೆಯೂ ಬೇಕಾಗಲಿಲ್ಲ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಕುರುಡಗುಂಡಿ ವಿಷಯ ನಿಮಗೆ ಇವತ್ತು ಬೆಳಿಗ್ಗೆ ನೆನಪಾಯ್ತು ಅಂತ ಬರೀಲಾ ಅಮ್ಮ? ಯಾರೂ ಕೇಳಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು.

ಬೇಡ ಎಂದೆ. ಬಾಕರ್ ಒಂದು ರಾತ್ರಿ ಕೇಳಿದರು, ನಾನು ಕೊಟ್ಟೆ. ಎರಡನ್ನೂ ಬರೆಯಿರಿ ಎಂದೆ.

ಮೇಲಿನದೆಲ್ಲವನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಯಾವ ಸಾಲನ್ನೂ ತೆಗೆಯಬಾರದೆಂದು ಕೇಳಿಕೊಂಡು ಸಹಿ ಮಾಡಿದ್ದೇನೆ.

ಸ್ಥಳ: ವೆಸ್ಟರ್‌ಡೈಕ್
ದಿನಾಂಕ: 12-03-2019, ಮಂಗಳವಾರ

(ಸಹಿ) ಹಿಲ್ಟಿಯಾ ಕ್ರಾಮರ್, ರೀಕೆಲ್ಟ್‌ನ ತಾಯಿ

ನನ್ನ ಸಮಕ್ಷಮ: ಡೆಕ್ಕರ್, ಬಂದರು ಪೊಲೀಸ್ ಠಾಣೆ