ಮಂಚದ ಹತ್ತಿರದ ಸ್ವಿಚ್ಚು

ಒಂದು ಬಲ್ಬಿಗಾಗಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿಗೆ ಮುಂದಿನ ಇಬ್ಬರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಒಬ್ಬಾಕೆ ಯಾವುದೋ ಹಳೆಯ ಮನೆಯ ಮಗಳು. ಇನ್ನೊಬ್ಬ ಆ ಮನೆಯ ವೈರಿಂಗ್ ಬದಲಿಸಲು ಒಪ್ಪಿಕೊಂಡ ಮೇಸ್ತ್ರಿ.

"ಗೋಡೆ ಮಾತ್ರ ಒಡೀಬೇಡಿ ಮೇಸ್ತ್ರಿ. ಅಮ್ಮ ಕೈಯಾರೆ ಬಳ್ಳಿ ಬರೆದಿರೋ ಗೋಡೆ."

"ಒಂದು ಚೂರೂ ಉದುರಲ್ಲ ಅಕ್ಕ. ಹಳೇ ವೈರಿನ ಬಾಲಕ್ಕೆ ಹೊಸದನ್ನ ಕಟ್ಟಿ ಎಳೀತೀನಿ. ಪೈಪಿನೊಳಗೆ ಹಾವಿನ ಹಾಗೆ ಹೋಗುತ್ತೆ."

"ಮಂಚದ ಹತ್ರಾನೂ ಈ ಸ್ವಿಚ್ಚು ಹಾಕಿ. ಆಸ್ಪತ್ರೆಯಿಂದ ಬಂದ್ಮೇಲೆ ಅಮ್ಮ ಏಳೋ ಹಾಗಿಲ್ಲ."

ಮೇಸ್ತ್ರಿ ಕತ್ತು ಕೆರೆದುಕೊಂಡ.

"ನಿಮ್ಮ ತಮ್ಮ ಫೋನ್ ಮಾಡಿದ್ರು. ಇಷ್ಟೆಲ್ಲ ಯಾಕೆ, ಎರಡು ಬಲ್ಬು ನೇತುಹಾಕು ಸಾಕು ಅಂದ್ರು. ಕೊಳ್ಳೋರು ಮುಂದಿನ ತಿಂಗಳು ಹೇಗೂ ಕೆಡವ್ತಾರಂತೆ."

"ಕೊಳ್ಳೋರಾ? ಅಮ್ಮಂದು, ನಂದು ಸಹಿ ಇಲ್ದೆ ಅವನು ಮಾರೋದು ಹೇಗೆ?"

"ನೀವು ಯಾವುದಕ್ಕೂ ಸಹಿ ಹಾಕಿಲ್ವಾ?"

"ಮೀಟರು ಅಮ್ಮನ ಹೆಸರಿಗೆ ಮಾಡಿಸ್ತೀನಿ ಅಂತ ಹೋದ ತಿಂಗಳು ಹಾಕಿಸ್ಕೊಂಡ. ನಾನೇ ಎತ್ತಿ ಆಡಿಸಿದ ಕೂಸು, ಏನು ಓದಿ ನೋಡೋದು ಅಂತ ಹಾಕ್ಬಿಟ್ಟೆ. ಮೀಟರು ಆಯ್ತು ಅಂತಾನೂ ಹೇಳ್ದ."

"ಬೆಳಿಗ್ಗೆ ಬಿಲ್ಲು ನೋಡಿದೆ ಅಕ್ಕ. ಇನ್ನೂ ನಿಮ್ಮ ಅಪ್ಪನ ಹೆಸರೇ ಇದೆ."

ಅವಳು ಕೈಲಿದ್ದ ಸ್ವಿಚ್ಚನ್ನು ಕೌಂಟರಿನ ಮೇಲಿಟ್ಟಳು.

"ನೆಚ್ಚಿದ ಎಮ್ಮೆ ಕೋಣ ಈಯ್ತು ಬಿಡಿ."

"ಇನ್ನು ಅಮ್ಮನ ಸಹಿ ಒಂದೇ ಬಾಕಿ. ಈಗ ಆಸ್ಪತ್ರೇಲಿ ಅವರ ಹತ್ರ ಯಾರಿದ್ದಾರೆ?"

"ಅವನೇ. ನೀನು ಹೋಗಿ ನಿಧಾನವಾಗಿ ಸಾಮಾನು ತಗೊಂಡು ಬಾ, ನಾನು ಕೂತಿರ್ತೀನಿ ಅಂದ."

"ಬನ್ನಿ ಅಕ್ಕ, ಗಾಡಿ ಹೊರಗಿದೆ."

ಸ್ವಿಚ್ಚನ್ನು ಕೌಂಟರಿನ ಮೇಲೆಯೇ ಬಿಟ್ಟು ಇಬ್ಬರೂ ಹೊರಟರು. ಅಂಗಡಿಯವನು ಅದನ್ನು ಡಬ್ಬಿಗೆ ಹಾಕಲು ಹೋದಾಗ ದರ್ಜಿ, "ಬೇರೆ ಇಟ್ಟಿರಿ, ಬರ್ತಾರೆ" ಎಂದ.